ಹಳೇ ಸರ್ವರ್ ಆನ್ ಇಟ್ಟುಕೊಂಡೇ ಡೆಮೊ ತೋರಿಸಿ ಸಹಿ ಹಾಕಿಸಿಕೊಳ್ತಾರೆ, ಹುಷಾರು

ಆಫೀಸಿನ ಡೊಮೈನ್ ಕಂಟ್ರೋಲರ್ (ಡೊಮೈನ್ ಅನ್ನೋ ಒಂದೇ ಗುಂಪಿಗೆ ಸೇರಿದ ಪಿಸಿಗಳ ಲಾಗಿನ್ ನೋಡಿಕೊಳ್ಳುವ ಸರ್ವರ್) ಬದಲಾಯಿಸೋಕೆ ಯಾರಿಗಾದರೂ ಕಾಂಟ್ರ್ಯಾಕ್ಟ್ ಕೊಡ್ತಾ ಇದ್ದರೆ ದಯವಿಟ್ಟು ಇದನ್ನು ಓದಿ, ಆಮೇಲೆ ಕೊಡಿ. ವಿಂಡೋಸ್ ಸರ್ವರ್ 2012 ಆರ್2ಗೆ ಬಿಟ್ಟಿ ಸೆಕ್ಯುರಿಟಿ ಅಪ್‌ಡೇಟ್ 2023ರ ಅಕ್ಟೋಬರ್ 10ಕ್ಕೆ ನಿಂತುಹೋಗಿದೆ. ಆಡಿಟ್‌ನವರು ಪ್ರತಿ ಸಲ ಅದನ್ನೇ ಬರೀತಾರೆ, ಬದಲಾಯಿಸದೆ ವಿಧಿಯಿಲ್ಲ. ಈ ಆತುರವನ್ನೇ ನೋಡಿಕೊಂಡು ಟೋಪಿ ಹಾಕುವವರಿದ್ದಾರೆ.

ಹೇಗೆ ಅಂತ ಹೇಳ್ತೀನಿ. ಹೊಸ ಸರ್ವರ್ ಕೂರಿಸಿದರು, ವಿಂಡೋಸ್ ಸರ್ವರ್ 2022 ಹಾಕಿದರು, ಕಂಟ್ರೋಲರ್ ಆಗಿ ಡೊಮೈನ್‌ಗೆ ಸೇರಿಸಿದರು, ಫೈಲ್‌ಗಳನ್ನೆಲ್ಲ ಕಾಪಿ ಮಾಡಿದರು. ಎರಡು ಪಿಸಿಯಲ್ಲಿ ಲಾಗಿನ್ ಮಾಡಿ ತೋರಿಸಿದರು. ಪಾಸ್‌ವರ್ಡ್ ಹೊಡೆದ ತಕ್ಷಣ ಡೆಸ್ಕ್‌ಟಾಪ್ ಬಂತು, ಡ್ರೈವ್‌ಗಳು ಬಂದವು, ಪ್ರಿಂಟರ್ ಬಂತು. "ನೋಡಿ ಸರ್, ಮೊದಲಿಗಿಂತ ಫಾಸ್ಟ್!" ಸಹಿ ಆಯಿತು, ಬಾಕಿ ಬಿಲ್ ಪಾಸಾಯಿತು. ಅದೇ ಸಂಜೆ ಹಳೇ ಸರ್ವರ್‌ನ ಪವರ್ ಕೇಬಲ್ ಕಿತ್ತು ಹೋದರು. ಡಿಮೋಟ್ (ಕಂಟ್ರೋಲರ್ ಕೆಲಸದಿಂದ ಕ್ರಮವಾಗಿ ಇಳಿಸುವುದು) ಮಾಡಲಿಲ್ಲ, ಬರೀ ಕಿತ್ತರು. ಮಾರನೇ ಬೆಳಗ್ಗೆ ಇಡೀ ಅಕೌಂಟ್ಸ್ ಸೆಕ್ಷನ್ 'ವೆಲ್‌ಕಮ್' ಅಂತ ಸುತ್ತುವ ಚಕ್ರ ನೋಡಿಕೊಂಡು ಕೂತಿತ್ತು. ಎಲ್ಲರೂ ತಿರುಗಿ ನೋಡುವುದು ಐಟಿಯವರ ಮುಖವನ್ನೇ, ಕಾಂಟ್ರ್ಯಾಕ್ಟರ್ ಮುಖವನ್ನಲ್ಲ.

ಡೆಮೊದಲ್ಲಿ ಕಂಡದ್ದೆಲ್ಲ ಹಳೇ ಸರ್ವರ್ ಕೊಟ್ಟದ್ದು. ಡ್ರೈವ್ ಬಂದದ್ದು ಹಳೇದರಿಂದ, ಪ್ರಿಂಟರ್ ಬಂದದ್ದು ಹಳೇದರಿಂದ, ಹೆಸರು ಹುಡುಕಿಕೊಟ್ಟದ್ದೂ ಹಳೇದೇ. ಅದು ರ‍್ಯಾಕ್‌ನಲ್ಲಿ ಆನ್ ಇದ್ದರೆ ಯಾರ ಕೆಲಸ ಅರ್ಧ ಆಗಿದೆ ಅಂತ ಗೊತ್ತೇ ಆಗಲ್ಲ. ಇದು ಅವರಿಗೆ ಗೊತ್ತಿಲ್ಲದ ವಿಷಯವಾ?

ಆಮೇಲೆ ಬಂದ ಉತ್ತರಗಳನ್ನು ಕೇಳಿ. ಮೊದಲನೇದು: "ಹೊಸ ಸರ್ವರ್ ಅಲ್ವಾ ಸರ್, ಸಿಂಕ್ ಆಗ್ತಾ ಇರುತ್ತೆ, ಎರಡು ದಿನ ಬಿಡಿ." ಯಾರ ಜೊತೆ ಸಿಂಕ್? ಡೊಮೈನ್‌ನಲ್ಲಿ ಈಗ ಜೀವಂತ ಇರೋದೇ ಒಂದು ಕಂಟ್ರೋಲರ್! ಎರಡನೇದು: "ಪಿಸಿಗಳು ಹಳೇವು ಸರ್, ಎಸ್‌ಎಸ್‌ಡಿ ಹಾಕ್ಸಿ." ಜೊತೆಗೇ ಕೊಟೇಷನ್. ಮೊದಲ ಕಂತಿನ ಎಸ್‌ಎಸ್‌ಡಿಗಳು ಬಂದವು, ಪಿಸಿಗಳು ಪಾಸ್‌ವರ್ಡ್ ಕೇಳುವ ತನಕ ಬಾಣದ ಹಾಗೆ ಬಂದವು, ಅಲ್ಲಿಂದ ಮುಂದೆ ಮತ್ತದೇ ಚಕ್ರ. ಹಲ್ಲುನೋವಿಗೆ ಮಂಡಿಗೆ ಎಣ್ಣೆ ತಿಕ್ಕಿದ ಹಾಗೆ.

ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದೆ. ಆ ಪಿಸಿಯಲ್ಲಿ ಮೊದಲು ಲಾಗಿನ್ ಆಗಿದ್ದ ಯೂಸರ್‌ನನ್ನೇ ಕೂರಿಸಿ, ಲ್ಯಾನ್ ಕೇಬಲ್ ಕಿತ್ತು ಲಾಗಿನ್ ಮಾಡಿಸಿ. ವೈಫೈ ಇದ್ದರೆ ಅದನ್ನೂ ಆರಿಸಿ. ವಿಂಡೋಸ್ ತನ್ನಲ್ಲಿ ಉಳಿಸಿಕೊಂಡ ಹಳೇ ದಾಖಲೆ ನೋಡಿ ಒಳಗೆ ಬಿಡುತ್ತೆ. ಕೇಬಲ್ ಇಲ್ಲದೆ ತಟ್ಟನೆ ಲಾಗಿನ್ ಆಗಿ, ಕೇಬಲ್ ಹಾಕಿದರೆ ನಿಮಿಷಗಟ್ಟಲೆ ಹಿಡಿದರೆ ಡಿಸ್ಕೂ ಅಲ್ಲ, ರ‍್ಯಾಮೂ ಅಲ್ಲ, ಪಿಸಿಯೊಳಗಿನ ಪ್ರೊಫೈಲೂ ಅಲ್ಲ. ನೆಟ್‌ವರ್ಕ್‌ನಲ್ಲಿ ಇಲ್ಲದ ಯಾರನ್ನೋ ಪಿಸಿ ಹುಡುಕ್ತಾ ಇರೋ ಸಾಧ್ಯತೆಯೇ ಹೆಚ್ಚು. ಇದನ್ನು ಅವರ ಇಂಜಿನಿಯರ್ ಕಣ್ಣೆದುರೇ ಮಾಡಿ ತೋರಿಸಿದ್ದಕ್ಕೆ ಬಂದ ಮಾತು: "ಕೇಬಲ್ ತೆಗೆದ್ರೆ ಫಾಸ್ಟ್ ಅಂದ್ರೆ ನಿಮ್ಮ ಸ್ವಿಚ್ ಪ್ರಾಬ್ಲಂ ಸರ್." ಸ್ವಿಚ್‌ಗೆ ಇನ್ನೊಂದು ಕೊಟೇಷನ್! ಕಿವಿ ಮೇಲೆ ಹೂ ಇಡ್ತಾ ಇದ್ದಾರೆ ಅನ್ನೋದು ಖಾತ್ರಿಯಾದದ್ದು ಆಗ.

ನಿಜವಾದ ಕಾರಣ ಮೊದಲನೇದು ಡಿಎನ್‌ಎಸ್. ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕಿಕೊಡುವ ಸೇವೆ ಅದು, ಪಿಸಿಗೆ ಡೊಮೈನ್ ಕಂಟ್ರೋಲರ್ ಎಲ್ಲಿದೆ ಅಂತ ಹೇಳುವುದೂ ಅದೇ. ಪಿಸಿಗಳಿಗೆ ಐಪಿ ಹಂಚುವ ಡಿಎಚ್‌ಸಿಪಿಯಲ್ಲಿ, ಡಿಎನ್‌ಎಸ್ ಸರ್ವರ್‌ಗಳ ಪಟ್ಟಿ ಇರುವ 006ನೇ ಆಪ್ಷನ್‌ನಲ್ಲಿ ಸತ್ತ ಸರ್ವರ್‌ನ ಐಪಿ ಮೊದಲು, 8.8.8.8 (ಗೂಗಲ್‌ನ ಡಿಎನ್‌ಎಸ್) ಎರಡನೇದು, ಹೊಸ ಸರ್ವರ್ ಮೂರನೇದು. ನೋಡೋಕೆ ಸರಿಯಾಗೇ ಕಾಣುತ್ತೆ, ಮೂರರಲ್ಲಿ ಒಂದು ಸಿಗುತ್ತಲ್ಲ ಅನ್ನಿಸುತ್ತೆ. ಸಿಗಲ್ಲ. ಪಿಸಿ ಸತ್ತವನನ್ನು ಕೇಳಿ ಕಾಯುತ್ತೆ, ಆಮೇಲೆ ಗೂಗಲ್‌ನವರನ್ನು ಕೇಳುತ್ತೆ, ಅವರು "ಈ ಹೆಸರೇ ಇಲ್ಲ" ಅಂತಾರೆ. ಇಲ್ಲ ಅನ್ನೋದೂ ಒಂದು ಉತ್ತರವೇ, ಪಿಸಿ ಅದನ್ನು ನಂಬಿ ಅಲ್ಲಿಗೇ ನಿಲ್ಲಿಸುತ್ತೆ, ಮೂರನೇದನ್ನು ಕೇಳೋದೇ ಇಲ್ಲ. ಕೊನೆಗೆ ಹಳೇ ದಾಖಲೆ ಮೇಲೆ ಲಾಗಿನ್ ಆಗುವುದರಿಂದ 'ನಿಧಾನ, ಆದರೆ ಆಗುತ್ತೆ' ಅನ್ನೋ ಭ್ರಮೆ. ಆ ವಾರ ಪಾಸ್‌ವರ್ಡ್ ಬದಲಾಯಿಸಿಸಿಕೊಂಡವರಿಗೆ ಹೊಸ ಪಾಸ್‌ವರ್ಡ್ ತಗೊಳ್ಳದೆ ಹಳೇದೇ ನಡೆಯುತ್ತಿದ್ದದ್ದು ಅದಕ್ಕೇ. ಡೊಮೈನ್‌ಗೆ ಸೇರಿದ ಪಿಸಿಯಲ್ಲಿ 8.8.8.8 ಎಲ್ಲೂ ಇರಬಾರದು, ಎರಡನೇದಾಗಿಯೂ ಬೇಡ. ಹೊರಗಿನ ಹೆಸರು ಬೇಕಾದರೆ ಸರ್ವರ್‌ನ ಡಿಎನ್‌ಎಸ್‌ನಲ್ಲಿ ಫಾರ್ವರ್ಡರ್ (ತನಗೆ ಗೊತ್ತಿಲ್ಲದ ಹೆಸರನ್ನು ಸರ್ವರ್ ಕೇಳುವ ಜಾಗ) ಆಗಿ ಅದನ್ನು ಹಾಕಿ. ಪಿಸಿಯಲ್ಲಿ ಕೈಯಿಂದ ಹಾಕಿದ ಸ್ಟ್ಯಾಟಿಕ್ ಡಿಎನ್‌ಎಸ್ ಇದೆಯಾ ಅಂತ 'ಐಪಿಕಾನ್ಫಿಗ್'ನಲ್ಲಿ 'ಆಲ್' ಹಾಕಿ ನೋಡಿ, ಡಿಎಚ್‌ಸಿಪಿ ಸರಿ ಮಾಡಿದರೂ ಅವು ಹಾಗೇ ಉಳಿದಿರುತ್ತವೆ.

ಡಿಎನ್‌ಎಸ್ ಸರಿಯಾದ ಮೇಲೂ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಇಲ್ಲಿ ಊಹೆ ಬೇಡ, ಈವೆಂಟ್ ವ್ಯೂವರ್ ತೆಗೆಯಿರಿ. ಅಪ್ಲಿಕೇಷನ್ ಲಾಗ್‌ನಲ್ಲಿ ವಿನ್‌ಲಾಗನ್ ಹೆಸರಲ್ಲಿ 6005, 6006 ನಂಬರಿನ ದಾಖಲೆ ಇದ್ದು, 'ಜಿಪಿಕ್ಲೈಂಟ್' ಇಷ್ಟು ಸೆಕೆಂಡ್ ತಗೊಂಡಿತು ಅಂತ ಬರೆದಿದ್ದರೆ ಗ್ರೂಪ್ ಪಾಲಿಸಿಯಲ್ಲೇ (ಸರ್ವರ್‌ನಿಂದ ಎಲ್ಲ ಪಿಸಿಗಳಿಗೂ ಹೋಗುವ ಸೆಟ್ಟಿಂಗ್‌ಗಳಲ್ಲಿ) ಸಿಕ್ಕಿಕೊಂಡಿದೆ. ನಂತರ ಗ್ರೂಪ್ ಪಾಲಿಸಿಯ ಆಪರೇಷನಲ್ ಲಾಗ್. ಅಲ್ಲಿ 4016 ಅಂದರೆ ಒಂದು ಭಾಗ ಶುರುವಾಯಿತು, 5016 ಅಂದರೆ ಮುಗೀತು, 7016 ಅಂದರೆ ದೋಷದೊಂದಿಗೆ ಮುಗೀತು, ಎಷ್ಟು ಮಿಲಿಸೆಕೆಂಡ್ ಅಂತ ಪಕ್ಕದಲ್ಲೇ ಇರುತ್ತೆ. ಡ್ರೈವ್ ಮ್ಯಾಪ್ ಮತ್ತು ಪ್ರಿಂಟರ್, ಇವೆರಡೇ ಬಹುಪಾಲು ಸಮಯ ನುಂಗುತ್ತಿದ್ದವು. ಫೈಲ್‌ಗಳನ್ನು ಹೊಸ ಸರ್ವರ್‌ಗೆ ಸಾಗಿಸಿದ ಮಹಾನುಭಾವರು ಪಾಲಿಸಿಯೊಳಗಿನ ಹಳೇ ಸರ್ವರ್ ಹೆಸರು ಬದಲಾಯಿಸಿರಲೇ ಇಲ್ಲ! ಡಿಎನ್‌ಎಸ್‌ನಲ್ಲಿ ಆ ಹೆಸರಿಗೆ ಹಳೇ ಐಪಿ ಇನ್ನೂ ಇದೆ, ಆ ಐಪಿಯಲ್ಲಿ ಯಾರೂ ಇಲ್ಲ, ಹಾಗಾಗಿ ಒಂದೊಂದು ಪ್ರಯತ್ನಕ್ಕೆ 20 ಸೆಕೆಂಡ್ ಆಸುಪಾಸು. ಮೂರು ಡ್ರೈವ್, ಒಂದು ಪ್ರಿಂಟರ್, ಲೆಕ್ಕ ನೀವೇ ಹಾಕಿ. ಲಾಗಿನ್ ಸ್ಕ್ರಿಪ್ಟ್, ರೋಮಿಂಗ್ ಪ್ರೊಫೈಲ್ (ಸರ್ವರ್‌ನಲ್ಲಿ ಇಡುವ ಯೂಸರ್ ಪ್ರೊಫೈಲ್) ದಾರಿ, ಯೂಸರ್ ಅಕೌಂಟಿನ ಹೋಮ್ ಫೋಲ್ಡರ್, ಇವುಗಳಲ್ಲೂ ಹಳೇ ಹೆಸರು ಅಡಗಿ ಕೂತಿರುತ್ತೆ.

'ನೆಟ್‌ಡಮ್ ಕ್ವೆರಿ ಎಫ್‌ಎಸ್‌ಎಂಓ' (ಡೊಮೈನ್‌ನ ವಿಶೇಷ ರೋಲ್‌ಗಳು ಯಾವ ಕಂಟ್ರೋಲರ್ ಹತ್ತಿರ ಇವೆ ಅಂತ ತೋರಿಸುವ ಕಮಾಂಡ್) ಹೊಡೆದರೆ ಇನ್ನೊಂದು ಅವಾಂತರ: ಪಿಡಿಸಿ ಎಮ್ಯುಲೇಟರ್ ರೋಲ್ ಹಳೇದರಲ್ಲೇ. ಡೊಮೈನ್‌ಗೆ ಗಡಿಯಾರ ಕೊಡುವುದೇ ಅದು, ಗಡಿಯಾರ 5 ನಿಮಿಷಕ್ಕಿಂತ ಹೆಚ್ಚು ತಪ್ಪಿದರೆ ಲಾಗಿನ್ ಪರಿಶೀಲಿಸುವ ಕರ್ಬರೋಸ್ ಒಳಗೇ ಬಿಡಲ್ಲ. ಪುಣ್ಯಕ್ಕೆ ಹಳೇ ಸರ್ವರ್ ಫಾರ್ಮ್ಯಾಟ್ ಆಗಿರಲಿಲ್ಲ. ಮತ್ತೆ ಆನ್ ಮಾಡಿ, ರೋಲ್ ವರ್ಗಾಯಿಸಿ, ಸರಿಯಾಗಿ ಡಿಮೋಟ್ ಮಾಡಿದರಾಯಿತು. ಫಾರ್ಮ್ಯಾಟ್ ಆಗಿದ್ದರೆ ರೋಲ್ ಕಿತ್ತುಕೊಂಡು, ಹಳೇ ಕಂಟ್ರೋಲರ್‌ನ ಆಬ್ಜೆಕ್ಟ್ ಅಳಿಸಿ, ಡಿಎನ್‌ಎಸ್‌ನಲ್ಲಿ ಅದರ ಎಸ್‌ಆರ್‌ವಿ (ಕಂಟ್ರೋಲರ್ ಎಲ್ಲಿದೆ ಅಂತ ಹೇಳುವ), ನೇಮ್ ಸರ್ವರ್ ದಾಖಲೆಗಳನ್ನು ಒಂದೊಂದೇ ಹುಡುಕಿ ತೆಗೀಬೇಕು.

ಇಷ್ಟೆಲ್ಲ ಲಾಗ್ ಸಮೇತ ಕಳಿಸಿದ್ದಕ್ಕೆ ಅವರ ಉತ್ತರ: "ಡಿಎಚ್‌ಸಿಪಿ ನಿಮ್ಮ ಫೈರ್‌ವಾಲ್‌ನಲ್ಲಿದೆ ಸರ್, ಅದು ನಮ್ಮ ಸ್ಕೋಪ್‌ನಲ್ಲಿ ಬರಲ್ಲ. ಪಾಲಿಸಿ ಎಡಿಟಿಂಗೂ ಸ್ಕೋಪ್‌ನಲ್ಲಿಲ್ಲ. ಸೈನ್ ಆಫ್ ಆಗಿದೆ, ಈಗ ವಿಸಿಟ್ ಚಾರ್ಜ್ ಆಗುತ್ತೆ." ಹಾಗಾದರೆ ಮೈಗ್ರೇಷನ್ ಅಂತ ದುಡ್ಡು ತಗೊಂಡದ್ದು ಯಾವುದಕ್ಕೆ, ಫೈಲ್ ಕಾಪಿ ಪೇಸ್ಟ್‌ಗಾ?

ವರ್ಕ್ ಆರ್ಡರ್‌ನಲ್ಲೇ ಬರೆಸಿ: ಡಿಮೋಟ್ ಮಾಡುವ ಮೊದಲು ಹಳೇ ಸರ್ವರನ್ನು ಒಂದು ವಾರ ಶಟ್‌ಡೌನ್ ಮಾಡಿಡಬೇಕು, ಆ ವಾರ ಎಲ್ಲ ಸೆಕ್ಷನ್‌ನವರೂ ರೀಸ್ಟಾರ್ಟ್ ಮಾಡಿ ಲಾಗಿನ್ ಆಗಬೇಕು, ಡಿಮೋಟ್ ಮುಗಿದ ಮೇಲಷ್ಟೇ ಬಾಕಿ ಹಣ. ತಿಂಗಳುಗಟ್ಟಲೆ ಮರೆತು ಬಿಡಬೇಡಿ, ಸಾಮಾನ್ಯವಾಗಿ 180 ದಿನ ದಾಟಿದರೆ ಅದನ್ನು ಮತ್ತೆ ಡೊಮೈನ್‌ಗೆ ತರುವ ಹಾಗಿಲ್ಲ. ಡಿಎಚ್‌ಸಿಪಿ, ಪಾಲಿಸಿ, ಪ್ರಿಂಟರ್ ಮೂರನ್ನೂ ಸ್ಕೋಪ್‌ನಲ್ಲಿ ಹೆಸರು ಹಿಡಿದು ಸೇರಿಸಿ. ಎಸ್‌ಎಸ್‌ಡಿ ಕೊಟೇಷನ್ ಬಂದರೆ ಮೊದಲು ಕೇಬಲ್ ಕೀಳಿ.

ನಮ್ಮ ಎಸ್‌ಎಸ್‌ಡಿಗಳನ್ನು ವಾಪಸ್ ತಗೊಳ್ಳಲ್ಲವಂತೆ. ಬಾಕ್ಸ್ ಓಪನ್ ಆಗಿದೆಯಂತೆ. ಓಪನ್ ಮಾಡಿದ್ದು ಅವರದೇ ಇಂಜಿನಿಯರ್.