ಕ್ಲಾರ್ಕ್, ಬ್ರೂಸ್, ಡೂಮ್: ಯಾರ ಕೈ ಹಿಡಿಯಬಹುದು?

ಅಮೆರಿಕದ ಕಾಮಿಕ್ಸ್ ಲೋಕದಿಂದ ಸಂಗಾತಿಯನ್ನು ಆರಿಸಿಕೊಳ್ಳುವುದಾದರೆ, 1938ರಲ್ಲಿ ಬಂದ ಸೂಪರ್‌ಮ್ಯಾನ್ ಮತ್ತು ಮರುವರ್ಷ ಬಂದ ಬ್ಯಾಟ್‌ಮ್ಯಾನ್ ನಡುವೆಯೇ ಮೊದಲ ಪೈಪೋಟಿ. ರೂಪದಲ್ಲಿ ಬ್ಯಾಟ್‌ಮ್ಯಾನ್ ಒಂದು ಕೈ ಮೇಲು: ಬ್ರೂಸ್ ವೇನ್ ಆಗಿ ಸೂಟು ತೊಟ್ಟು ಔತಣಕೂಟಕ್ಕೆ ಬಂದಾಗ ಅವನಲ್ಲಿ ಕಾಣುವ ಠೀವಿ, ಹಣೆಯ ಮೇಲೆ ಗುಂಗುರು ಕೂದಲಿನ ಎಳೆಯೊಂದನ್ನು ಇಳಿಬಿಟ್ಟುಕೊಂಡ ಸೂಪರ್‌ಮ್ಯಾನ್‌ಗೆ ಒಲಿದಿಲ್ಲ. ಆದರೆ ಅದೇ ಔತಣದ ನಡುವೆ ಅವನ ಊರಾದ ಗಾಥಮ್‌ನ ಆಕಾಶದಲ್ಲಿ ಅವನನ್ನು ನೆರವಿಗೆ ಕರೆಯುವ ಬಾವಲಿಯ ಗುರುತು ಬೆಳಗಿತೆಂದರೆ, ನಿಮ್ಮ ಎದುರಿನ ಕುರ್ಚಿ ಖಾಲಿಯಾಗಿ, ಸೂಪು ಆರುತ್ತಾ ಕೂರುತ್ತದೆ. 1940ರಿಂದಲೂ ಅವನ ಬೆನ್ನ ಹಿಂದೆ ಮುಂದೆ ಸುಳಿದಾಡಿದ ಕ್ಯಾಟ್‌ವುಮನ್ ಕೂಡ 2018ರ ಕಥೆಯಲ್ಲಿ, ಸುಖವಾಗಿರುವ ಬ್ರೂಸ್ ಬ್ಯಾಟ್‌ಮ್ಯಾನ್ ಆಗಿ ಉಳಿಯಲಾರನೆಂದು ಮದುವೆಯ ದಿನವೇ ಹಿಂದೆ ಸರಿದಳು. ಅವಳ ಲೆಕ್ಕ ತಪ್ಪೆಂದು ನನಗೆ ಅನಿಸುವುದಿಲ್ಲ.

ಕ್ಲಾರ್ಕ್ ಕೆಂಟ್‌ನದು, ಅಂದರೆ ಸಾಮಾನ್ಯನ ವೇಷದ ಸೂಪರ್‌ಮ್ಯಾನ್‌ನದು, ಬೇರೆ ತೊಡಕು. ಕನ್ನಡಕವೊಂದರ ಮರೆಯಲ್ಲಿ ದಶಕಗಳ ಕಾಲ ಸಹೋದ್ಯೋಗಿ ಪತ್ರಕರ್ತೆ ಲೋಯಿಸ್ ಲೇನ್‌ಳನ್ನು ಯಾಮಾರಿಸಿದವನು, ಕೊನೆಗೆ ಅವಳು ಮದುವೆಗೆ ಒಪ್ಪಿದ ಮೇಲಷ್ಟೇ, 1991ರಲ್ಲಿ, ತನ್ನ ಗುಟ್ಟನ್ನು ಬಿಚ್ಚಿಟ್ಟ. ಒಪ್ಪಿಗೆ ಮೊದಲು, ಸತ್ಯ ಆಮೇಲೆ ಎಂಬ ಈ ಕ್ರಮ ನನಗೆ ಹಿಡಿಸದು. ಆದರೂ 1996ರಲ್ಲಿ ಮದುವೆಯಾದ ಬಳಿಕ ಅವನು ತೋರಿದ ನಿಷ್ಠೆಯನ್ನು ನೋಡಿದರೆ, ಬಾಳುವೆಗೆ ಅವನೇ ಸರಿ.

ಇನ್ನು ಖಳರಲ್ಲಿ, 1962ರಿಂದ ಕಬ್ಬಿಣದ ಮುಖವಾಡ ತೊಟ್ಟಿರುವ ಡಾಕ್ಟರ್ ಡೂಮ್‌ಗೆ ಲ್ಯಾಟ್‌ವೇರಿಯಾ ಎಂಬ ದೇಶವೇ ಇದೆ, ಮಾತಿನಲ್ಲಿ ಗಾಂಭೀರ್ಯವೂ ಇದೆ. ಆದರೆ ‘ನಾನು’ ಎನ್ನದೆ ‘ಡೂಮ್’ ಎಂದೇ ತನ್ನನ್ನು ತಾನು ಕರೆದುಕೊಳ್ಳುವವನೊಡನೆ ಒಂದು ಸಂಜೆ ಕಳೆಯುವುದೇ ಹೆಚ್ಚು.