ಫೆಜ್ ನಗರದ ಬಡಗಿಗಳು ಕೆತ್ತಿದ ಎಂಟು ಮೂಲೆಯ ಮೇಜು

ಮೊರಾಕೋದ ಫೆಜ್ ನಗರದ ಹಳೆಯ ಪೇಟೆಯಲ್ಲಿ, ಬಡಗಿಗಳ ಕೇರಿಯೆಂದೇ ಹೆಸರಾದ ನಜ್ಜಾರೀನ್ ಚೌಕದ ಬಳಿಯ ಅಂಗಡಿಯೊಂದರಲ್ಲಿ ಕೊಂಡ ಕಿರುಮೇಜಿನ ವಿಮರ್ಶೆ ಇದು. ಅಟ್ಲಾಸ್ ಬೆಟ್ಟಗಳ ಸೀಡರ್ ಮರದಲ್ಲಿ ಮಾಡಿದ ಈ ಮೇಜು ಮೊಣಕಾಲೆತ್ತರವಿದ್ದು, ಎಂಟು ಬದಿಗಳಲ್ಲೂ ಲಾಳದಾಕಾರದ ಕಮಾನುಗಳನ್ನೂ ಮೇಲ್ಹಲಗೆಯ ನಡುವೆ ಎಂಟು ಮೊನೆಯ ನಕ್ಷತ್ರವನ್ನೂ ಹೊಂದಿದೆ. ಇದು ಹೊಸದಾಗಿ ಮಾಡಿದ್ದೆಂದು ಅಂಗಡಿಯವರು ತಾವಾಗಿಯೇ ತಿಳಿಸಿದ್ದು ಮೆಚ್ಚತಕ್ಕ ನಡತೆ.

ಒಂದು ಚೌಕದ ಮೇಲೆ ಇನ್ನೊಂದನ್ನು ಓರೆಯಾಗಿ ಇರಿಸಿದಾಗ ಮೂಡುವ ಆ ನಕ್ಷತ್ರದಿಂದ ಹೊರಟ ಪಟ್ಟಿಗಳು ಒಂದರ ಮೇಲೊಂದು, ಒಂದರ ಕೆಳಗೊಂದು ಹಾದು ಅಂಚಿನವರೆಗೆ ಎಲ್ಲಿಯೂ ಕಡಿಯದೆ ಸಾಗುತ್ತವೆ. ಉಳಿ ಸಾಕಷ್ಟು ಆಳಕ್ಕೆ ಇಳಿದಿರುವುದರಿಂದ ಪಕ್ಕದ ಕಿಟಕಿಯ ಬೆಳಕು ಬಿದ್ದಾಗ ಪಟ್ಟಿಗಳ ನೆರಳೇ ಚಿತ್ತಾರವಾಗುತ್ತದೆ. ಬೀಟೆ ಮರದಲ್ಲಿ ಬೇರೆ ಬಣ್ಣದ ಮರವನ್ನು ನುಣ್ಣಗೆ ಕೂರಿಸಿ ಆನೆ, ಕಾಡು, ಹಳ್ಳಿಗಳನ್ನು ಚಿತ್ರಿಸುವ ಮೈಸೂರಿನ ಕೆಲಸವನ್ನು ನೋಡಿ ಬೆಳೆದ ಕಣ್ಣಿಗೆ, ಪ್ರಾಣಿಯಾಗಲಿ ಮನುಷ್ಯನಾಗಲಿ ಇಲ್ಲದ ಈ ಚೆಲುವು ಹಿಡಿಸಲು ತುಸು ಹೊತ್ತು ಬೇಕು. ಫೆಜ್‌ನಲ್ಲೇ 1325ರಲ್ಲಿ ಪೂರ್ಣಗೊಂಡ ಅತ್ತಾರೀನ್ ಮದರಸಾವನ್ನು ನೋಡಿದರೆ ಇದರ ಮೂಲ ಸ್ಪಷ್ಟವಾಗುತ್ತದೆ: ಗೋಡೆಯ ಕೆಳಭಾಗದ ಹೆಂಚಿನ ಚೂರುಗಳು, ನಡುವಿನ ಗಾರೆ, ಮೇಲಿನ ಸೀಡರ್ ಕೆತ್ತನೆ ಎಲ್ಲಕ್ಕೂ ಆಧಾರ ಅದೇ ಕೈವಾರ ಮತ್ತು ಅಳತೆಪಟ್ಟಿಯ ಲೆಕ್ಕ.

ಈ ಕಲೆ ಮೊರಾಕೋ ಮತ್ತು ಸ್ಪೇನಿನ ನಡುವಿನ ಜಿಬ್ರಾಲ್ಟರ್ ಜಲಸಂಧಿಯ ಎರಡೂ ದಡಗಳಲ್ಲಿ ಬೆಳೆದದ್ದು. ಮರಾಕೆಶ್‌ನ ಮಸೀದಿಗೆಂದು 1137ರಲ್ಲಿ ಕೆತ್ತಲು ತೊಡಗಿದ ಪ್ರಸಿದ್ಧ ಪ್ರವಚನಪೀಠ ಸಿದ್ಧವಾದದ್ದು ಸ್ಪೇನಿನ ಕಾರ್ಡೋಬಾದಲ್ಲಿ. ಇಂದು ಅದು ಮರಾಕೆಶ್‌ನ ಬದೀ ಅರಮನೆಯಲ್ಲಿದೆ. 1492ರಲ್ಲಿ ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯವಾದ ಗ್ರನಾಡಾ ಪತನಗೊಂಡ ಮೇಲೆ ಅಲ್ಲಿಂದ ಹೊರಟ ಅನೇಕ ಮುಸ್ಲಿಮರೂ ಯಹೂದಿಗಳೂ ಫೆಜ್, ತೆತುವಾನ್ ನಗರಗಳಲ್ಲಿ ನೆಲೆ ಕಂಡರು.

ಆ ಪೀಠದ ಬದಿಗಳು ಸಣ್ಣ ಸಣ್ಣ ತುಂಡುಗಳನ್ನು ಜೋಡಿಸಿ ಮಾಡಿದವು. ಹಳೆಯ ಬಡಗಿಗಳು ಬಾಗಿಲುಗಳಲ್ಲೂ ಪೀಠಗಳಲ್ಲೂ ಚಿಕ್ಕ ಹಲಗೆಗಳನ್ನು ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಕೂರಿಸುತ್ತಿದ್ದುದಕ್ಕೆ ಅಂದದ ಜೊತೆಗೆ ಇನ್ನೊಂದು ಕಾರಣವಿದೆ: ಮರ ಹಿಗ್ಗಿ ಕುಗ್ಗಲು ಅಲ್ಲಿ ಎಡೆ ಸಿಗುತ್ತದೆ. ನಮ್ಮ ಮೇಜಿನ ಕೊರತೆ ಇರುವುದು ಇಲ್ಲಿಯೇ. ಮೇಲ್ಭಾಗವನ್ನು ಅಗಲವಾದ ಒಂದೇ ಹಲಗೆಯಲ್ಲಿ ಕೆತ್ತಿ, ಅಂಚಿನ ಪಟ್ಟಿಗೆ ಅಂಟು ಹಾಕಿ ಬಿಗಿದುಬಿಟ್ಟಿದ್ದಾರೆ. ಮನೆಗೆ ಬಂದ ಮೊದಲ ಬೇಸಿಗೆಯಲ್ಲೇ ನಕ್ಷತ್ರದ ಒಂದು ಮೊನೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಇಷ್ಟು ಒಳ್ಳೆಯ ಕೈಕೆಲಸಕ್ಕೆ ಇಷ್ಟು ಅವಸರದ ಜೋಡಣೆ ಸಲ್ಲದು ಎಂಬ ನೋವು ನನಗಿದೆ. ಕಾಲುಗಳ ಸಂದುಗಳು ಮಾತ್ರ ಇಂದಿಗೂ ಅಲುಗಿಲ್ಲ.

ಕೆತ್ತನೆಗಾಗಿಯೇ ಕೊಳ್ಳುವವರಿಗೆ ಈ ಮೇಜನ್ನು ಸಂತೋಷದಿಂದ ಶಿಫಾರಸು ಮಾಡುತ್ತೇನೆ. ಆದರೆ ಬೆಲೆ ಮಾತಾಡುವ ಮುನ್ನ ಮೇಜನ್ನು ಬೋರಲು ಹಾಕಿ ಹಲಗೆಯ ಅಡಿಭಾಗವನ್ನು ನೋಡಿ. ಚಿಕ್ಕ ಹಲಗೆಗಳನ್ನು ತೋಡಿನೊಳಗೆ ಕೂರಿಸಿದ ಮೇಜು ಸಿಕ್ಕರೆ, ತುಸು ಹೆಚ್ಚು ಹಣ ಕೊಟ್ಟಾದರೂ ಅದನ್ನೇ ಕೊಳ್ಳಿ.