ಹವಳ ಬೋಳಾಗುತ್ತಿದ್ದರೆ ಮೊದಲು ಮ್ಯಾಗ್ನೆಟ್ ತೆಗೆದು ನೋಡಿ

ನಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಸಾಕಿದ್ದ ಅಕ್ರೋಪೋರಾ ಅನ್ನುವ ಕೊಂಬೆ ಹವಳ ಒಂದೇ ರಾತ್ರಿಯಲ್ಲಿ ಬೋಳಾಯಿತು. ಮಲಗುವಾಗ ಬುಡದಲ್ಲಿ ಸಣ್ಣದೊಂದು ಬಿಳಿ ಪಟ್ಟಿ ಇತ್ತು, ಅಷ್ಟೇ. ಬೆಳಿಗ್ಗೆ ನೋಡಿದರೆ ಮೈಯೆಲ್ಲ ಎಳೆ ಎಳೆಯಾಗಿ ಕಳಚಿ ನೀರಲ್ಲಿ ತೇಲಾಡುತ್ತಿದೆ. ಉಳಿದಿದ್ದು ಬರೀ ಬಿಳಿ ಅಸ್ಥಿಪಂಜರ. ಪಕ್ಕದ ಹ್ಯಾಮರ್ ಹವಳ ಮುದುಡಿಕೊಂಡು ಕೂತಿತ್ತು.

ಗಾಬರಿಯಲ್ಲಿ ಟೆಸ್ಟ್ ಕಿಟ್‌ಗಳನ್ನು ಹರಡಿಕೊಂಡೆ. ಉಪ್ಪಿನಂಶ ಸಾವಿರಕ್ಕೆ 35 ಪಾಲು, ಬಿಸಿ 26 ಡಿಗ್ರಿ, ಕ್ಯಾಲ್ಸಿಯಂ 420 ಪಿಪಿಎಂ. ಎಲ್ಲಾ ಸರಿ. ಆಲ್ಕಲಿನಿಟಿ, ಅಂದರೆ ನೀರಿನ ಕ್ಷಾರದ ಅಂಶ ಮಾತ್ರ 7 ಡಿಕೆಎಚ್ (ಅದನ್ನು ಅಳೆಯುವ ಮಾನ). ನಾನು ಯಾವಾಗಲೂ ಇಟ್ಟುಕೊಳ್ಳುವುದು 8.5. ಸಿಕ್ಕಿಬಿದ್ದ ಕಳ್ಳ ಅಂದುಕೊಂಡು ಅದೇ ದಿನ 9.5ಕ್ಕೆ ಏರಿಸಿಬಿಟ್ಟೆ. ಸಮುದ್ರದ ನೀರಲ್ಲೇ ಇರುವುದು ಹೆಚ್ಚುಕಮ್ಮಿ 7. ಅಷ್ಟಕ್ಕೇ ಯಾವ ಹವಳವೂ ರಾತ್ರೋರಾತ್ರಿ ಸಾಯುವುದಿಲ್ಲ. ಸೊರಗಿದ ಹವಳಕ್ಕೆ ಒಂದೇ ದಿನ ಎರಡೂವರೆ ಏರಿಸಿದ್ದು ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಮರುದಿನ ಇನ್ನೂ ಎರಡು ಹೋದವು.

ಸುಳಿವು ಕಣ್ಣೆದುರೇ ಇತ್ತು. ವಾರದ ಹಿಂದೆ ಎರಡು ಟರ್ಬೊ ಬಸವನಹುಳು ಮರಳಿನ ಮೇಲೆ ಅಂಗಾತ ಬಿದ್ದಿದ್ದವು. ವಯಸ್ಸಾಗಿರಬೇಕು ಅಂತ ಸುಮ್ನೆ ತೆಗೆದು ಬಿಸಾಕಿದ್ದೆ. ಮೀನುಗಳು ಮಾತ್ರ ಆರಾಮಾಗಿ ತಿಂದುಕೊಂಡು ಓಡಾಡುತ್ತಿದ್ದವು. ಮೀನು ಚೆನ್ನಾಗಿದ್ದು, ಬಸವನಹುಳು ಮತ್ತು ಹವಳ ಸಾಯುತ್ತಿದ್ದರೆ ನೀರಿಗೆ ಲೋಹ ಸೇರಿರಬಹುದು. ಮೀನಿನ ರೋಗಕ್ಕೆ ಔಷಧಿಯಾಗಿ ಹಾಕುವ ತಾಮ್ರವೇ ಈ ಎರಡಕ್ಕೂ ವಿಷ, ಅಲ್ವಾ? ಗೊತ್ತಿದ್ದೂ ಹೊಳೆಯಲಿಲ್ಲ.

ಮೂರನೇ ದಿನ ಗಾಜು ಉಜ್ಜಲು ಮ್ಯಾಗ್ನೆಟ್ ಕ್ಲೀನರ್ ಹಿಡಿದೆ. ಗಾಜಿನ ಹೊರಗೊಂದು, ಒಳಗೊಂದು ಮ್ಯಾಗ್ನೆಟ್ ತುಂಡು ಇರುವ ಸಾಧನ ಅದು. ಒಳಗಿನ ತುಂಡು ತಿಂಗಳುಗಟ್ಟಲೆ ತೊಟ್ಟಿಯ ಮೂಲೆಯಲ್ಲೇ ಅಂಟಿಕೊಂಡಿತ್ತು. ಹೊರಗೆ ತೆಗೆದರೆ ಪ್ಲಾಸ್ಟಿಕ್ ಕೂಡಿಸಿದ ಅಂಚು ಉಬ್ಬಿಕೊಂಡಿದೆ. ಉಗುರಿನಿಂದ ಒತ್ತಿದೆ. ಬಿರುಕಿನಿಂದ ತುಕ್ಕಿನ ಕಂದು ನೀರು ಜಿನುಗಿ ಬೆರಳಿಗಿಳಿಯಿತು. ಇಂಥ ಮ್ಯಾಗ್ನೆಟ್ ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿಸಿ ಮಾಡಿದ್ದು. ಮೇಲೆ ಸಾಮಾನ್ಯವಾಗಿ ನಿಕ್ಕಲ್, ತಾಮ್ರದ ಲೇಪ ಇರುತ್ತದೆ. ಉಪ್ಪುನೀರು ಒಳಹೊಕ್ಕರೆ ಎಲ್ಲವೂ ತುಕ್ಕಾಗಿ ತೊಟ್ಟಿಗೇ ಬರುತ್ತದೆ. ನನ್ನ ಹತ್ತಿರ ಇದ್ದ ಯಾವ ಕಿಟ್‌ನಲ್ಲೂ ಇದು ಕಾಣುವುದಿಲ್ಲ.

ನಾನು ಮಾಡಿದ ಒಂದೇ ಒಂದು ಜಾಣತನ ಅಂದರೆ, ನೀರು ಬದಲಿಸುವ ಮುಂಚೆ ಒಂದು ಬಾಟಲಿ ತುಂಬಿ ಲ್ಯಾಬ್‌ಗೆ ಐಸಿಪಿ ಪರೀಕ್ಷೆಗೆ, ಅಂದರೆ ನೀರಲ್ಲಿ ಯಾವ ಲೋಹ ಎಷ್ಟಿದೆ ಅಂತ ಅಳೆಯುವ ಪರೀಕ್ಷೆಗೆ ಕಳಿಸಿದ್ದು. ತಾಮ್ರ, ನಿಕ್ಕಲ್ ಎರಡೂ ಜಾಸ್ತಿ ಅಂತ ವರದಿ ಬಂತು.

ಅಷ್ಟರೊಳಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಮತ್ತು ಲೋಹ ಹೀರುವ ಪ್ಯಾಡ್ ಹಾಕಿದ್ದೆ. ಉಪ್ಪಿನಂಶ, ಬಿಸಿ ಎರಡೂ ಹೊಂದಿಸಿಕೊಂಡು ದಿನ ಬಿಟ್ಟು ದಿನ ನೂರಕ್ಕೆ 20ರಷ್ಟು ನೀರು ಬದಲಿಸಿದೆ. ಆಲ್ಕಲಿನಿಟಿ ಏರಿಸುವ ಹುಚ್ಚು ಬಿಟ್ಟೆ. ಸಾಯುತ್ತಿದ್ದ ಕೊಂಬೆಗಳ ತುದಿಯಲ್ಲಿ ಬಣ್ಣ ಉಳಿದಿದ್ದನ್ನು ಮಾತ್ರ ಕತ್ತರಿಸಿ ಬೇರೆ ಕಲ್ಲಿಗೆ ಅಂಟಿಸಿದೆ. ಆರರಲ್ಲಿ ಒಂದು ಬದುಕಿದೆ. ಹ್ಯಾಮರ್ ಅರಳಲು ಮೂರು ವಾರ ಬೇಕಾಯಿತು.

ಮ್ಯಾಗ್ನೆಟ್ ಬರೀ ಕ್ಲೀನರ್‌ನಲ್ಲಿ ಇರುವುದಿಲ್ಲ. ನೀರಲ್ಲಿ ಅಲೆ ಎಬ್ಬಿಸುವ ವೇವ್‌ಮೇಕರ್‌ನಲ್ಲಿದೆ, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್‌ನ ಪಂಪಿನ ಒಳಗಿದೆ. ಆಮೇಲೆ ಎಲ್ಲವನ್ನೂ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ವೇವ್‌ಮೇಕರ್‌ನ ಒಂದು ಮೂಲೆಯಲ್ಲೂ ಕೂದಲೆಳೆಯಷ್ಟು ಬಿರುಕು ಇತ್ತು.